ತೂಕ ಇಳಿಸುವ ಇಂಜೆಕ್ಷನ್‌ಗೆ ವರ್ಷದಲ್ಲಿ ಹದಿಮೂರು ತಿಂಗಳು

ಉಡುಪಿಗೆ ಸಮೀಪದ ಸಂತೆಕಟ್ಟೆಯಲ್ಲಿ ನನ್ನ ಹತ್ತಿರದ ಸಂಬಂಧಿಯೊಬ್ಬರ ಮನೆಯಿದೆ. ಆ ಮನೆಯ ಫ್ರಿಜ್ಜಿನ ಬಾಗಿಲಲ್ಲಿ, ಮೊಸರಿನ ಪಾತ್ರೆಯ ಪಕ್ಕ, ಒಂದು ಸಣ್ಣ ಸ್ಟೀಲ್ ಟಿಫಿನ್ ಡಬ್ಬಿ ಇದೆ. ಅದರೊಳಗೆ ಕರವಸ್ತ್ರದಲ್ಲಿ ಸುತ್ತಿಟ್ಟ ಇಂಜೆಕ್ಷನ್ ಪೆನ್ನು, ಅದರ ಕೆಳಗೆ ನಾಲ್ಕಾಗಿ ಮಡಚಿದ ಕ್ಯಾಲೆಂಡರ್ ಹಾಳೆಗಳು. ಹಾಳೆಗಳಲ್ಲಿ ಒಂದೊಂದು ಭಾನುವಾರಕ್ಕೂ ನೀಲಿ ಶಾಯಿಯಲ್ಲಿ ಸರಿ ಗುರುತು ಹಾಕಲಾಗಿದೆ. ಇಪ್ಪತ್ತನೆಯ ಗುರುತಿನ ನಂತರ ಭಾನುವಾರಗಳು ಖಾಲಿ. ಪೆನ್ನು ಮುಗಿದು ತಿಂಗಳುಗಳಾಗಿವೆ, ಆದರೂ ಅದನ್ನು ಎಸೆಯಲು ಅವರಿಗೆ ಮನಸ್ಸು ಬಂದಿಲ್ಲ.

ಅವರಿಗೆ 54 ವರ್ಷ, ಖಾಸಗಿ ಶಾಲೆಯೊಂದರಲ್ಲಿ ಶಿಕ್ಷಕಿ. ಎತ್ತರ 158 ಸೆಂಟಿಮೀಟರ್, ಔಷಧ ಆರಂಭಿಸಿದಾಗ ತೂಕ 94 ಕಿಲೋ. ಹನ್ನೊಂದು ವರ್ಷಗಳಿಂದ ಶುಗರ್ ಇದೆ, ಮೆಟ್ಟಿಲು ಇಳಿಯುವಾಗ ಎರಡೂ ಮೊಣಕಾಲು ನೋಯುತ್ತವೆ. ಐದು ತಿಂಗಳಲ್ಲಿ ಒಂಬತ್ತು ಕಿಲೋ ಇಳಿದಿದ್ದರು. ಔಷಧ ನಿಲ್ಲಿಸಿದ್ದು ವಾಂತಿಗೋ ವಾಕರಿಕೆಗೋ ಹೆದರಿ ಅಲ್ಲ, ವೈದ್ಯರ ಸಲಹೆಯಿಂದಲೂ ಅಲ್ಲ. ಮಗನ ಸೆಮಿಸ್ಟರ್ ಫೀಸು ಮತ್ತು ಪೆನ್ನಿನ ಬಿಲ್ಲು ಒಂದೇ ತಿಂಗಳಲ್ಲಿ ಬಂದವು, ಎರಡರಲ್ಲಿ ಒಂದನ್ನು ಬಿಡಬೇಕಾಯಿತು. ಬಿಟ್ಟದ್ದು ಯಾವುದನ್ನು ಎಂದು ಹೇಳಬೇಕಾಗಿಲ್ಲ. ಇಳಿದ ಒಂಬತ್ತರಲ್ಲಿ ಆರು ಕಿಲೋ ಈಗ ಮರಳಿ ಬಂದಿದೆ.

ತೂಕ ಇಳಿಸುವ ಔಷಧಗಳ ಕುರಿತು ನಮ್ಮಲ್ಲಿ ನಡೆಯುವ ಮಾತುಕತೆಯಲ್ಲಿ ಒಂದೋ ಪವಾಡದ ಬಣ್ಣನೆ ಇರುತ್ತದೆ, ಇಲ್ಲವೇ ಅಡ್ಡ ಪರಿಣಾಮಗಳ ಬೆದರಿಕೆ. ಇಂಥ ಔಷಧದ ಅಗತ್ಯ ನಿಜವಾಗಿಯೂ ಇರುವವರು ಅದನ್ನು ಎಷ್ಟು ಕಾಲ ಕೊಳ್ಳಬಲ್ಲರು ಎಂಬ ಪ್ರಶ್ನೆಯನ್ನು ಕೇಳುವವರು ಕಡಿಮೆ. ಮಂಗಳೂರು ಮತ್ತು ಉಡುಪಿಯ ಮಟ್ಟಿಗೆ ಈ ಪ್ರಶ್ನೆಯನ್ನು ತಪ್ಪಿಸಿಕೊಳ್ಳಲು ಆಗುವುದಿಲ್ಲ, ಏಕೆಂದರೆ ಇಲ್ಲಿ ವೈದ್ಯರ ಕೊರತೆಯ ನೆಪವಿಲ್ಲ. ಮಣಿಪಾಲದಿಂದ ದೇರಳಕಟ್ಟೆಯವರೆಗಿನ ಒಂದೂವರೆ ಗಂಟೆಯ ದಾರಿಯಲ್ಲಿ ಇರುವಷ್ಟು ವೈದ್ಯಕೀಯ ಕಾಲೇಜುಗಳು ರಾಜ್ಯದ ಎಷ್ಟೋ ಭಾಗಗಳಲ್ಲಿ ಕಾಣಸಿಗವು. ಕಾಸರಗೋಡಿನಿಂದಲೂ ಉತ್ತರ ಕನ್ನಡದಿಂದಲೂ ಜನ ಚಿಕಿತ್ಸೆಗೆ ಇಲ್ಲಿಗೇ ಬರುತ್ತಾರೆ. ಬೈಂದೂರು, ಸುಳ್ಯ, ಬೆಳ್ತಂಗಡಿಯ ಒಳಊರುಗಳವರಿಗೆ ಹಾರ್ಮೋನ್ ತಜ್ಞರನ್ನು ಕಾಣಲು ಒಂದು ದಿನದ ದುಡಿಮೆ ತಪ್ಪುತ್ತದೆ ಎಂಬುದು ನಿಜವಾದರೂ, ಔಷಧವನ್ನು ಬರೆದುಕೊಡುವವರೇ ಇಲ್ಲ ಎನ್ನುವ ಸ್ಥಿತಿ ಕರಾವಳಿಯದ್ದಲ್ಲ. ಇಲ್ಲಿ ಚೀಟಿ ಸಿಗುತ್ತದೆ, ಮೆಡಿಕಲ್‌ನಲ್ಲಿ ಔಷಧವೂ ಸಿಗುತ್ತದೆ. ಅಡ್ಡಿಯಿರುವುದು ಹಣದಲ್ಲಿ.

ಔಷಧದ ಕೆಲಸವನ್ನು ಚಿಕ್ಕದಾಗಿ ಹೇಳುವುದಾದರೆ, ಊಟವಾದ ಮೇಲೆ ನಮ್ಮ ಕರುಳು ಜಿಎಲ್‌ಪಿ-1 ಎಂಬ ಹಾರ್ಮೋನನ್ನು ಬಿಡುಗಡೆ ಮಾಡುತ್ತದೆ. ಅದು ಇನ್ಸುಲಿನ್ ಸ್ರವಿಸಲು ಪ್ರಚೋದಿಸುತ್ತದೆ, ಹೊಟ್ಟೆ ಬೇಗ ಖಾಲಿಯಾಗದಂತೆ ತಡೆಯುತ್ತದೆ, ಸಾಕು ಎಂಬ ಸಂದೇಶವನ್ನು ಮೆದುಳಿಗೆ ಮುಟ್ಟಿಸುತ್ತದೆ. ಸೆಮಗ್ಲುಟೈಡ್ ಎಂಬ ಔಷಧ ಈ ಹಾರ್ಮೋನಿನ ದೀರ್ಘಕಾಲ ಉಳಿಯುವ ನಕಲು. ಟಿರ್ಜೆಪಟೈಡ್ ಇದರ ಜೊತೆಗೆ ಜಿಐಪಿ ಎಂಬ ಇನ್ನೊಂದು ಹಾರ್ಮೋನಿನ ದಾರಿಯನ್ನೂ ಬಳಸುತ್ತದೆ. 2021ರಲ್ಲಿ ಪ್ರಕಟವಾದ ಸ್ಟೆಪ್ 1 ಪ್ರಯೋಗದಲ್ಲಿ ವಾರಕ್ಕೆ 2.4 ಮಿಲಿಗ್ರಾಂ ಸೆಮಗ್ಲುಟೈಡ್ ಪಡೆದವರ ತೂಕ 68 ವಾರಗಳಲ್ಲಿ ಸರಾಸರಿ ಶೇ. 14.9ರಷ್ಟು ಇಳಿಯಿತು. ಬರಿಯ ನೀರಿನಂಥ ಹುಸಿ ಇಂಜೆಕ್ಷನ್ ಪಡೆದವರಲ್ಲಿ ಇಳಿದದ್ದು ಶೇ. 2.4 ಮಾತ್ರ. ಟಿರ್ಜೆಪಟೈಡ್‌ನ ಗರಿಷ್ಠ ಡೋಸ್‌ನಲ್ಲಿ ಈ ಇಳಿಕೆ ಶೇ. 20ರ ಆಸುಪಾಸು. ಹೃದ್ರೋಗವಿದ್ದು ತೂಕ ಹೆಚ್ಚಿರುವ 17,604 ಜನರ ಮೇಲೆ ನಡೆದು 2023ರಲ್ಲಿ ಪ್ರಕಟವಾದ ಸೆಲೆಕ್ಟ್ ಪ್ರಯೋಗದಲ್ಲಿ ಸೆಮಗ್ಲುಟೈಡ್ ಹೃದಯಾಘಾತ, ಪಾರ್ಶ್ವವಾಯು ಮತ್ತು ಹೃದಯ ಸಂಬಂಧಿ ಸಾವುಗಳನ್ನು ಒಟ್ಟಾಗಿ ಶೇ. 20ರಷ್ಟು ತಗ್ಗಿಸಿತು. ಈ ಔಷಧಗಳನ್ನು ಮದುವೆಗೆ ಮೊದಲು ಸಪೂರವಾಗಲು ಬಳಸುವ ಸೌಂದರ್ಯ ಸಾಧನವೆಂದು ನೋಡುವುದನ್ನು ನಾವು ಬಿಡಬೇಕಾದ್ದು ಈ ಕೊನೆಯ ಅಂಕಿಯ ಕಾರಣಕ್ಕೆ.

ಇನ್ನೊಂದು ಅಂಕಿ ಇದೆ, ಖರ್ಚಿನ ಇಡೀ ಲೆಕ್ಕ ಅದರ ಮೇಲೆ ನಿಂತಿದೆ. ಸ್ಟೆಪ್ 1ರಲ್ಲಿ ಭಾಗವಹಿಸಿ ಔಷಧ ನಿಲ್ಲಿಸಿದವರನ್ನು ಮತ್ತೆ ಒಂದು ವರ್ಷ ಗಮನಿಸಿದಾಗ, ಇಳಿದಿದ್ದ ತೂಕದ ಮೂರನೆಯ ಎರಡು ಪಾಲು ವಾಪಸು ಬಂದಿತ್ತು. ನನ್ನ ಸಂಬಂಧಿಯ ಒಂಬತ್ತು ಕಿಲೋದಲ್ಲಿ ಆರು ಮರಳಿದ್ದು ಅವರ ನಾಲಗೆಯ ದೌರ್ಬಲ್ಯದಿಂದಲ್ಲ, ಅದು ಕಾಯಿಲೆಯ ಸ್ವಭಾವ. ಬಿಪಿ ಮಾತ್ರೆ ನಿಲ್ಲಿಸಿದರೆ ಬಿಪಿ ಏರುವಂತೆ ಇಲ್ಲಿಯೂ ಆಗುತ್ತದೆ. ಆದ್ದರಿಂದ ವೈದ್ಯರೂ ಮೆಡಿಕಲ್‌ನವರೂ ಹೇಳುವ 'ತಿಂಗಳ ಖರ್ಚು' ಎಂಬ ಮಾತು ರೋಗಿಯ ದಾರಿ ತಪ್ಪಿಸುತ್ತದೆ. ಇದನ್ನು ವರ್ಷಗಳ ಖರ್ಚಾಗಿಯೇ ಲೆಕ್ಕ ಹಾಕಬೇಕು.

ಆ ತಿಂಗಳೂ ಕ್ಯಾಲೆಂಡರಿನ ತಿಂಗಳಲ್ಲ. ವಾರಕ್ಕೊಂದು ಚುಚ್ಚುವ ಔಷಧ ನಾಲ್ಕು ಡೋಸ್‌ಗಳ ಪೆನ್ನಾಗಿ ಅಥವಾ ನಾಲ್ಕು ವಯಲ್‌ಗಳಾಗಿ (ಸಣ್ಣ ಬಾಟಲಿಗಳಾಗಿ) ಬರುತ್ತದೆ, ಅಂದರೆ 28 ದಿನಗಳಿಗೆ. ವರ್ಷದಲ್ಲಿ 52 ವಾರಗಳಿರುವುದರಿಂದ ಕೊಳ್ಳಬೇಕಾದದ್ದು ಹನ್ನೆರಡು ಪೆನ್ನಲ್ಲ, ಹದಿಮೂರು. ಎಲಿ ಲಿಲ್ಲಿ ಕಂಪನಿಯ ಟಿರ್ಜೆಪಟೈಡ್ ಆದ ಮೌಂಜಾರೊ 2025ರ ಮಾರ್ಚ್‌ನಲ್ಲಿ ಭಾರತಕ್ಕೆ ಬಂದಾಗ 2.5 ಮಿಲಿಗ್ರಾಂ ವಯಲ್‌ಗೆ 3,500 ರೂಪಾಯಿ, 5 ಮಿಲಿಗ್ರಾಂ ವಯಲ್‌ಗೆ 4,375 ರೂಪಾಯಿ ದರವಿತ್ತು. 5 ಮಿಲಿಗ್ರಾಂನಲ್ಲೇ ನಿಂತರೂ ಆ ದರದಲ್ಲಿ ವರ್ಷಕ್ಕೆ 2,27,500 ರೂಪಾಯಿ. ಅದೇ ವರ್ಷದ ಜೂನ್‌ನಲ್ಲಿ ನೊವೊ ನಾರ್ಡಿಸ್ಕ್ ಕಂಪನಿಯ ಸೆಮಗ್ಲುಟೈಡ್ ಆದ ವೆಗೊವಿ ಬಂತು, ಆರಂಭಿಕ ಡೋಸ್‌ಗೆ ನಾಲ್ಕು ವಾರಕ್ಕೆ 17,345 ರೂಪಾಯಿ. ನವೆಂಬರ್‌ನಲ್ಲಿ ಕಂಪನಿ ಅದನ್ನು 10,850ಕ್ಕೆ ಇಳಿಸಿತು, ಡಿಸೆಂಬರ್‌ನಲ್ಲಿ ಅದೇ ಸೆಮಗ್ಲುಟೈಡ್‌ನ, ಮಧುಮೇಹಕ್ಕೆಂದೇ ಇರುವ ಓಜೆಂಪಿಕ್ಕನ್ನು 8,800 ರೂಪಾಯಿಯ ಆರಂಭಿಕ ದರದಲ್ಲಿ ತಂದಿತು. ನಡುವೆ ಸೆಪ್ಟೆಂಬರ್ 22ರಿಂದ ಔಷಧಗಳ ಮೇಲಿನ ಜಿಎಸ್‌ಟಿ ಶೇ. 12ರಿಂದ 5ಕ್ಕೆ ಇಳಿದದ್ದೂ ಸ್ವಲ್ಪ ಹಗುರ ಮಾಡಿತು. ಆದರೆ ಪತ್ರಿಕೆಗಳಲ್ಲಿ ಎದ್ದು ಕಾಣುವ ದರಗಳು ಹೆಚ್ಚಾಗಿ ಆರಂಭಿಕ ಡೋಸ್‌ನವು. ಸೆಮಗ್ಲುಟೈಡ್ ಅನ್ನು 0.25 ಮಿಲಿಗ್ರಾಂನಿಂದ ಶುರು ಮಾಡಿ ನಾಲ್ಕು ನಾಲ್ಕು ವಾರಕ್ಕೊಮ್ಮೆ ಏರಿಸುತ್ತಾರೆ. ಹೊಟ್ಟೆ ಅದಕ್ಕೆ ಒಗ್ಗಿಕೊಳ್ಳಲೆಂದೇ ಇರುವ ಮೊದಲ ಡೋಸ್‌ನಿಂದ ತೂಕದಲ್ಲಿ ದೊಡ್ಡ ಬದಲಾವಣೆ ನಿರೀಕ್ಷಿಸುವಂತಿಲ್ಲ. ಪ್ರಯೋಗದ ಫಲಿತಾಂಶ ಬಂದ 2.4 ಮಿಲಿಗ್ರಾಂ ತಲುಪುವಾಗ ದರ ಬೇರೆಯೇ ಆಗಿರುತ್ತದೆ. ಮೊದಲ ತಿಂಗಳ ಬಿಲ್ಲು ನೋಡಿ ಧೈರ್ಯ ತಂದುಕೊಂಡವರು ಐದನೆಯ ತಿಂಗಳಲ್ಲಿ ಕೈಚೆಲ್ಲುವುದು ಹೀಗೆ.

ಕರ್ನಾಟಕದಲ್ಲಿ ಗೃಹಲಕ್ಷ್ಮಿಯ 2,000 ರೂಪಾಯಿಯನ್ನು ನೆಚ್ಚಿ ತಿಂಗಳ ದಿನಸಿ ತರುವ ಮನೆಗಳಿವೆ, ಬೀಡಿ ಕಟ್ಟಿ ದಿನ ದೂಡುವ ಮನೆಗಳು ನಮ್ಮ ಎರಡೂ ಜಿಲ್ಲೆಗಳಲ್ಲಿ ಇವೆ. ದಿನವಿಡೀ ಕುಳಿತು ಕಟ್ಟುವ ಆ ಹೆಂಗಸರಲ್ಲಿ ಶುಗರ್, ಬೊಜ್ಜು, ಮಂಡಿನೋವು ಇಲ್ಲ ಎಂದು ಯಾರಾದರೂ ಹೇಳಿಯಾರೆ? 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ಕರ್ನಾಟಕದಲ್ಲಿ ಹತ್ತರಲ್ಲಿ ಮೂವರು ಮಹಿಳೆಯರಿಗೂ, ಹೆಚ್ಚುಕಡಿಮೆ ಅಷ್ಟೇ ಪ್ರಮಾಣದ ಪುರುಷರಿಗೂ ಇರಬೇಕಾದ್ದಕ್ಕಿಂತ ತೂಕ ಹೆಚ್ಚು. ಬೊಜ್ಜು ಉಳ್ಳವರ ಕಾಯಿಲೆ ಎಂಬ ಹಳೆಯ ನಂಬಿಕೆ ಎಂದೋ ಸುಳ್ಳಾಗಿದೆ.

ಈ ಖರ್ಚನ್ನು ಹಂಚಿಕೊಳ್ಳಬಲ್ಲ ವ್ಯವಸ್ಥೆಗಳನ್ನು ಒಂದೊಂದಾಗಿ ನೋಡೋಣ. ಆಯುಷ್ಮಾನ್ ಭಾರತ್–ಆರೋಗ್ಯ ಕರ್ನಾಟಕ ಯೋಜನೆಯಲ್ಲಿ ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿವರೆಗಿನ ಚಿಕಿತ್ಸೆ ದೊರೆಯುತ್ತದೆ. ಎಪಿಎಲ್ ಕುಟುಂಬಕ್ಕೆ ಪ್ಯಾಕೇಜ್ ದರದ ಶೇ. 30ರಷ್ಟನ್ನು, ವರ್ಷಕ್ಕೆ ಒಂದೂವರೆ ಲಕ್ಷದ ಮಿತಿಯಲ್ಲಿ, ಸರ್ಕಾರ ಭರಿಸುತ್ತದೆ. ಇದು ರೂಪುಗೊಂಡಿರುವುದು ಆಸ್ಪತ್ರೆಗೆ ದಾಖಲಾಗುವ ಚಿಕಿತ್ಸೆಗಳ ಸುತ್ತ. ಮನೆಯಲ್ಲಿ ಕುಳಿತು ವಾರಕ್ಕೊಮ್ಮೆ ಚುಚ್ಚಿಕೊಳ್ಳುವ ಔಷಧಕ್ಕೆ ಇದರಲ್ಲಿ ಜಾಗವಿಲ್ಲ. ಸಹಕಾರ ಸಂಘಗಳು ಊರೂರಿಗೆ ಇರುವ ನಮ್ಮಲ್ಲಿ ಬಹಳ ಮಂದಿ ನೆಚ್ಚಿಕೊಂಡಿರುವ ಯಶಸ್ವಿನಿ ಆರೋಗ್ಯ ಯೋಜನೆಯ ಸ್ವರೂಪವೂ ಇದೇ. ಖಾಸಗಿ ವಿಮೆಯಲ್ಲಿ ಬೊಜ್ಜು ಮತ್ತು ತೂಕ ನಿಯಂತ್ರಣ ಎಂಬುದೇ ವಿಮಾ ನಿಯಂತ್ರಣ ಪ್ರಾಧಿಕಾರ ಒಪ್ಪಿದ ಪ್ರಮಾಣಿತ ಹೊರಗಿಡುವಿಕೆಗಳ ಪಟ್ಟಿಯಲ್ಲಿದೆ. ಅದಕ್ಕಿರುವ ವಿನಾಯಿತಿ ಶಸ್ತ್ರಚಿಕಿತ್ಸೆಗೆ ಸಂಬಂಧಿಸಿದ್ದು: ಬಿಎಂಐ (ಎತ್ತರಕ್ಕೆ ಹೋಲಿಸಿದ ತೂಕದ ಅಳತೆ) 40 ಅಥವಾ ಹೆಚ್ಚಿದ್ದರೆ, ಇಲ್ಲವೇ 35 ಅಥವಾ ಹೆಚ್ಚಿದ್ದು ಗಂಭೀರ ಕಾಯಿಲೆಗಳಿದ್ದರೆ ಮಾತ್ರ ಹೊಟ್ಟೆಯ ಗಾತ್ರ ಕುಗ್ಗಿಸುವ ಶಸ್ತ್ರಚಿಕಿತ್ಸೆಯನ್ನು ಪರಿಗಣಿಸಬಹುದು. ಕರಾವಳಿಯ ದೊಡ್ಡ ಆಸ್ಪತ್ರೆಗಳು ಕೊಡುವ ಆರೋಗ್ಯ ಕಾರ್ಡ್‌ಗಳು ಮನೆಮನೆಯಲ್ಲಿವೆ, ಔಷಧದ ಬಿಲ್ಲಿನಲ್ಲಿ ಅವು ಕೊಡುವ ರಿಯಾಯಿತಿ ಉಪಕಾರವೇ ಸರಿ, ಆದರೆ ಲಕ್ಷದ ಲೆಕ್ಕದಲ್ಲಿ ಅದು ಎಲ್ಲಿಗೂ ಸಾಲದು.

ಇದರ ಪರಿಣಾಮವನ್ನು ನೇರವಾಗಿಯೇ ಹೇಳಬೇಕು. ಬಡ ರೋಗಿಯ ಹೃದಯದ ರಕ್ತನಾಳ ಮುಚ್ಚಿಕೊಂಡ ದಿನ ಸ್ಟೆಂಟ್ ಹಾಕಲು ಸರ್ಕಾರ ಹಣ ಕೊಡುತ್ತದೆ. ಆ ದಿನವನ್ನು ಮುಂದೂಡಬಹುದಾಗಿದ್ದ ಔಷಧಕ್ಕೆ ಹತ್ತು ವರ್ಷಗಳ ಕಾಲ ಒಂದು ರೂಪಾಯಿಯನ್ನೂ ಕೊಡುವುದಿಲ್ಲ. ಸ್ಟೆಂಟ್‌ಗೆ ಹಣ ಕೊಡುವುದು ತಪ್ಪೆಂದು ನಾನು ಹೇಳುತ್ತಿಲ್ಲ. ಆಸ್ಪತ್ರೆಯ ಹಾಸಿಗೆ ಹಿಡಿದ ಮೇಲಷ್ಟೇ ಕಾಯಿಲೆಯನ್ನು ಗುರುತಿಸುವ ವಿಮಾ ಪದ್ಧತಿಯನ್ನು ಈ ಔಷಧಗಳ ಕಾಲದಲ್ಲಿ ಸಮರ್ಥಿಸಿಕೊಳ್ಳುವುದು ಕಷ್ಟ.

ಬೆಲೆ ಇಳಿಯುವ ದಾರಿ ತೆರೆದಿದೆ ಎನ್ನುವುದು ಇಲ್ಲಿ ದೊಡ್ಡ ಸಮಾಧಾನ. 2026ರ ಮಾರ್ಚ್ 20ಕ್ಕೆ ಭಾರತದಲ್ಲಿ ಸೆಮಗ್ಲುಟೈಡ್‌ನ ಪೇಟೆಂಟ್ ಅವಧಿ ತೀರಿತು, ಇದಕ್ಕಾಗಿ ಡಾ. ರೆಡ್ಡೀಸ್, ಸನ್ ಫಾರ್ಮಾ, ಜೈಡಸ್ ಮೊದಲಾದ ದೇಶೀ ಕಂಪನಿಗಳು ಮುಂಚಿನಿಂದಲೇ ತಯಾರಿ ನಡೆಸಿದ್ದವು. ಇದೇ ಕುಟುಂಬದ ಹಳೆಯ ಔಷಧ ಲಿರಾಗ್ಲುಟೈಡ್‌ನ ದೇಶೀ ರೂಪವನ್ನು ಗ್ಲೆನ್‌ಮಾರ್ಕ್ 2024ರ ಜನವರಿಯಲ್ಲಿ ದಿನಕ್ಕೆ ಸುಮಾರು 100 ರೂಪಾಯಿಯ ದರದಲ್ಲಿ ತಂದಾಗಲೇ ಬೆಲೆ ಎಷ್ಟು ಕೆಳಗೆ ಬರಬಹುದೆಂಬ ಸುಳಿವು ಸಿಕ್ಕಿತ್ತು. ಟಿರ್ಜೆಪಟೈಡ್‌ನ ಪೇಟೆಂಟ್ ಮಾತ್ರ ಇನ್ನೂ ಹಲವು ವರ್ಷ ಉಳಿದಿದೆ.

ಆದರೆ ಪೇಟೆಂಟ್ ತೀರಿತು ಎಂದ ಮಾತ್ರಕ್ಕೆ ಎಲ್ಲವೂ ಸುಸೂತ್ರವಾಗುವುದಿಲ್ಲ. ಸೆಮಗ್ಲುಟೈಡ್ ಸಾಮಾನ್ಯ ಮಾತ್ರೆಯಂಥ ಸಣ್ಣ ಅಣುವಲ್ಲ, ಅಮೈನೋ ಆಮ್ಲಗಳ ಸರಪಳಿ. ಮೂಲ ಕಂಪನಿ ಅದನ್ನು ಯೀಸ್ಟ್ ಕೋಶಗಳ ನೆರವಿನಿಂದ ತಯಾರಿಸುತ್ತದೆ, ಬೇರೆ ತಯಾರಕರು ರಾಸಾಯನಿಕ ವಿಧಾನದಲ್ಲೂ ಕಟ್ಟಬಲ್ಲರು. ವಿಧಾನ ಬದಲಾದಾಗ ಉಳಿಯುವ ಕಲ್ಮಶಗಳೂ ಬದಲಾಗಬಹುದಾದ್ದರಿಂದ ಗುಣಮಟ್ಟದ ನಿಗಾ ಇಲ್ಲಿ ಇಮ್ಮಡಿ ಮುಖ್ಯ. ಪೆನ್ನಿನ ಬದಲು ವಯಲ್‌ನಿಂದ ಸಿರಿಂಜಿಗೆ ಎಳೆದು ಚುಚ್ಚಿಕೊಳ್ಳಬೇಕಾದಾಗ ಬೆಲೆ ತಗ್ಗುತ್ತದೆ, ಅಳತೆ ತಪ್ಪುವ ಸಾಧ್ಯತೆ ಏರುತ್ತದೆ. ಹಾಗೆಂದು ದೇಶೀ ಔಷಧವೆಂದರೆ ಮೂಗು ಮುರಿಯಬೇಕಿಲ್ಲ. ಅಂಗೀಕೃತ ತಯಾರಕರದ್ದನ್ನು, ಪರಿಚಯದ ಮೆಡಿಕಲ್‌ನಿಂದ, ಬಿಲ್ಲು ಮತ್ತು ಬ್ಯಾಚ್ ಸಂಖ್ಯೆಯ ಸಮೇತ ತೆಗೆದುಕೊಂಡರೆ ಆಯಿತು. ಇನ್‌ಸ್ಟಾಗ್ರಾಂ ಜಾಹೀರಾತು ನೋಡಿ ತರಿಸುವುದು ಮಾತ್ರ ಬೇಡವೇ ಬೇಡ. ನಕಲಿ ಓಜೆಂಪಿಕ್ ಕುರಿತು ವಿಶ್ವ ಆರೋಗ್ಯ ಸಂಸ್ಥೆ 2024ರ ಜೂನ್‌ನಲ್ಲೇ ಎಚ್ಚರಿಕೆ ಕೊಟ್ಟಿದೆ.

ಖರ್ಚು ಉಳಿಸಲು ರೋಗಿಗಳು ತಾವೇ ಕಂಡುಕೊಂಡಿರುವ ಉಪಾಯಗಳು ನನಗೆ ಆತಂಕ ತರುತ್ತವೆ. ವಾರಕ್ಕೊಂದರ ಬದಲು ಹತ್ತು ದಿನಕ್ಕೊಂದು ಚುಚ್ಚಿಕೊಳ್ಳುವುದು, ಪೆನ್ನಿನ ತಿರುಗುಬಿಲ್ಲೆಯ ಕ್ಲಿಕ್ ಎಣಿಸಿ ಒಂದು ಡೋಸ್ ಅನ್ನು ಎರಡು ಮಾಡುವುದು, ಒಂದೇ ಬಾರಿಗೆಂದು ಇರುವ ವಯಲನ್ನು ಉಳಿಸಿಟ್ಟು ಮರುವಾರ ಬಳಸುವುದು. ಕೊನೆಯದರಲ್ಲಿ ಸೋಂಕಿನ ಅಪಾಯ ನೇರವಾಗಿಯೇ ಇದೆ. ದೀರ್ಘ ಕಾಲ ಬಿಟ್ಟು ಮತ್ತೆ ದೊಡ್ಡ ಡೋಸ್‌ನಿಂದ ಆರಂಭಿಸಿದವರು ವಾಂತಿಯಿಂದ ಬಳಲುತ್ತಾರೆ. ಖರ್ಚು ನಿಭಾಯಿಸಲಾಗದೆ ಇದ್ದರೆ ಅದನ್ನು ವೈದ್ಯರಿಗೆ ಹೇಳಲು ಸಂಕೋಚಪಡಬಾರದು. ಕಡಿಮೆ ಡೋಸ್‌ನಲ್ಲೇ ನಿಲ್ಲಿಸುವುದು, ದೇಶೀ ಬ್ರಾಂಡಿಗೆ ಬದಲಾಯಿಸುವುದು ಅವರ ಕೈಯಲ್ಲಿರುವ ಕ್ರಮಬದ್ಧ ದಾರಿಗಳು.

ನಮ್ಮ ಊರಿನ ಹವೆಯೂ ಖರ್ಚಿನ ಒಂದು ಭಾಗ. ಬಳಸದ ಪೆನ್ನನ್ನು 2ರಿಂದ 8 ಡಿಗ್ರಿ ಸೆಲ್ಸಿಯಸ್‌ನಲ್ಲಿ ಇಡಬೇಕು, ಹೊರಗೆ ಇಡಬಹುದಾದ ಅವಧಿಯೂ ಸಾಮಾನ್ಯವಾಗಿ 30 ಡಿಗ್ರಿ ಮೀರದ ಷರತ್ತಿಗೆ ಒಳಪಟ್ಟದ್ದು. ಏಪ್ರಿಲ್‌ನ ಮಂಗಳೂರಿನಲ್ಲಿ ಮಧ್ಯಾಹ್ನದ ಬಿಸಿಲು 30 ಡಿಗ್ರಿಯನ್ನು ಲೀಲಾಜಾಲವಾಗಿ ದಾಟುತ್ತದೆ. ಆಟಿ ತಿಂಗಳ ಗಾಳಿಮಳೆಗೆ ಕಂಬ ಬಿದ್ದರೆ ಹಳ್ಳಿ ಕಡೆ ರಾತ್ರಿಯಿಡೀ ಕರೆಂಟು ಬರುವುದಿಲ್ಲ. ಕಂಕನಾಡಿಯ ಮೆಡಿಕಲ್ ಒಂದರಲ್ಲಿ ಕುಂದಾಪುರದ ಹಿರಿಯರೊಬ್ಬರು ಐಸ್ ತುಂಬಿದ ಫ್ಲಾಸ್ಕನ್ನು ಕೌಂಟರಿನ ಮೇಲಿಟ್ಟು, ಪೆನ್ನನ್ನು ಮೊದಲು ಪ್ಲಾಸ್ಟಿಕ್ ಚೀಲದಲ್ಲೂ ಆಮೇಲೆ ಬಟ್ಟೆಯಲ್ಲೂ ಸುತ್ತಿ, ಐಸ್‌ಗೆ ನೇರ ತಾಗದಂತೆ ಬಲು ಜೋಪಾನವಾಗಿ ಇಳಿಸುತ್ತಿದ್ದುದನ್ನು ನಾನು ನೋಡಿದ್ದೇನೆ. ಹೆಪ್ಪುಗಟ್ಟಿದರೆ ಔಷಧ ಕೆಡುತ್ತದೆ ಎಂದು ಅವರಿಗೆ ಯಾರೋ ಸರಿಯಾಗಿ ತಿಳಿಸಿದ್ದರು. ಎರಡೂವರೆ ಗಂಟೆಯ ಬಸ್ ಪ್ರಯಾಣದುದ್ದಕ್ಕೂ ಆ ಫ್ಲಾಸ್ಕು ಅವರ ಮಡಿಲಲ್ಲೇ ಇದ್ದಿರಬೇಕು.

ಔಷಧ ಯಾರಿಗೆ ಎಂಬ ವಿಚಾರದಲ್ಲಿ ಬಿಗಿ ಇದ್ದರಷ್ಟೇ ಬೆಲೆಯ ವಾದಕ್ಕೆ ಬಲ ಬರುತ್ತದೆ. ಸಾಮಾನ್ಯವಾಗಿ ಬಿಎಂಐ 30 ಅಥವಾ ಅದಕ್ಕಿಂತ ಹೆಚ್ಚಿರುವವರಿಗೆ, ಇಲ್ಲವೇ 27 ಅಥವಾ ಹೆಚ್ಚಿದ್ದು ಶುಗರ್, ಬಿಪಿಯಂಥ ಕಾಯಿಲೆ ಜೊತೆಗಿರುವವರಿಗೆ ಇವನ್ನು ಬರೆಯುತ್ತಾರೆ. ಭಾರತೀಯರಲ್ಲಿ ಕೊಬ್ಬು ಹೊಟ್ಟೆಯ ಸುತ್ತ ಸೇರುವುದರಿಂದ 25ರಿಂದಲೇ ಬೊಜ್ಜೆಂದು ಪರಿಗಣಿಸುವ ಕ್ರಮವಿದ್ದರೂ, ಆ ಗಡಿಯಲ್ಲಿರುವ ಎಲ್ಲರಿಗೂ ಇಂಜೆಕ್ಷನ್ ಬೇಕೆಂದಲ್ಲ. ಮೆಡುಲರಿ ಥೈರಾಯ್ಡ್ ಕ್ಯಾನ್ಸರ್‌ನ ಕೌಟುಂಬಿಕ ಇತಿಹಾಸವಿದ್ದವರಿಗೆ ಇದು ಸಲ್ಲದು, ಮೇದೋಜೀರಕ ಗ್ರಂಥಿಯ ಉರಿಯೂತ ಆಗಿದ್ದವರಲ್ಲಿ ತುಂಬ ಎಚ್ಚರಿಕೆ ಬೇಕು, ಗರ್ಭ ಧರಿಸಲು ಬಯಸುವವರು ಮೊದಲೇ ನಿಲ್ಲಿಸಬೇಕು. ತೂಕದ ಜೊತೆ ಸ್ನಾಯುವೂ ಕರಗುತ್ತದೆ ಎಂಬುದನ್ನು ಊಟದ ತಟ್ಟೆಯಲ್ಲಿ ನೆನಪಿಡಬೇಕು. ಹಸಿವು ಕಡಿಮೆಯಾದಾಗ ನಮ್ಮವರು ಕುಚ್ಚಲಕ್ಕಿ ಗಂಜಿ, ಉಪ್ಪಿನಕಾಯಿಗೆ ಇಳಿದುಬಿಡುತ್ತಾರೆ. ಆಗಲೇ ಬೂತಾಯಿ, ಬಂಗುಡೆ, ಮೊಟ್ಟೆ, ಮೀನು ತಿನ್ನದವರಾದರೆ ಹುರುಳಿ, ಹೆಸರುಕಾಳು, ಮೊಸರು ತಟ್ಟೆಗೆ ಮೊದಲು ಬರಬೇಕು.

ಸರ್ಕಾರ ಮಾಡಬಹುದಾದ್ದು ಏನು? ಎಲ್ಲರಿಗೂ ಉಚಿತ ಎಂದು ಕೇಳುವುದು ಸುಲಭ, ಖಜಾನೆ ಅದನ್ನು ತಡೆಯಲಾರದು. ವಿಶ್ವ ಆರೋಗ್ಯ ಸಂಸ್ಥೆ 2025ರ ಸೆಪ್ಟೆಂಬರ್‌ನಲ್ಲಿ ಸೆಮಗ್ಲುಟೈಡ್ ಮತ್ತು ಟಿರ್ಜೆಪಟೈಡ್ ಅನ್ನು ತನ್ನ ಅಗತ್ಯ ಔಷಧಗಳ ಪಟ್ಟಿಗೆ ಸೇರಿಸಿದಾಗ ಒಂದು ಗೆರೆ ಎಳೆಯಿತು: ಟೈಪ್ 2 ಮಧುಮೇಹದ ಜೊತೆಗೆ ಹೃದ್ರೋಗ ಅಥವಾ ಮೂತ್ರಪಿಂಡದ ಕಾಯಿಲೆ ಮತ್ತು ಬೊಜ್ಜು ಇರುವವರಿಗೆ. ಕರ್ನಾಟಕವೂ ಅಲ್ಲಿಂದಲೇ ಆರಂಭಿಸಬಹುದು. 1848ರಿಂದ ಇರುವ ಮಂಗಳೂರಿನ ವೆನ್‌ಲಾಕ್ ಆಸ್ಪತ್ರೆಯಲ್ಲಿ, ಉಡುಪಿ ಅಜ್ಜರಕಾಡಿನ ಜಿಲ್ಲಾಸ್ಪತ್ರೆಯಲ್ಲಿ ಶುಗರ್, ಬಿಪಿ ರೋಗಿಗಳು ಈಗಾಗಲೇ ಸಾಲಿನಲ್ಲಿ ನಿಂತು ಮೆಟ್‌ಫಾರ್ಮಿನ್, ಆಮ್ಲೋಡಿಪಿನ್ ಪಡೆಯುತ್ತಿದ್ದಾರೆ. ಅದೇ ಕೌಂಟರಿನಲ್ಲಿ, ಅತ್ಯಂತ ಅಪಾಯದಲ್ಲಿರುವ ರೋಗಿಗಳಿಗಾದರೂ ಸೆಮಗ್ಲುಟೈಡ್ ಸಿಗುವಂತಾಗಬೇಕು. ರಾಜ್ಯದ ವೈದ್ಯಕೀಯ ಸರಬರಾಜು ನಿಗಮ ಇಡೀ ರಾಜ್ಯಕ್ಕೆ ಒಂದೇ ಟೆಂಡರು ಕರೆದರೆ, ಸ್ಪರ್ಧೆಗಿಳಿದಿರುವ ದೇಶೀ ಕಂಪನಿಗಳು ಅಂಗಡಿಯ ದರಕ್ಕಿಂತ ಬಹಳ ಕೆಳಗೆ ಬರಲೇಬೇಕಾಗುತ್ತದೆ.

ಜೀವನಪರ್ಯಂತ ಬೇಕಾಗುವ ಔಷಧವನ್ನು ಸರ್ಕಾರ ಹೇಗೆ ಕೊಟ್ಟೀತು ಎಂದು ಕೇಳುವವರಿಗೆ ಉತ್ತರ ನಮ್ಮ ದೇಶದಲ್ಲೇ ಇದೆ. ಎಚ್‌ಐವಿ ಔಷಧಗಳೂ ಒಂದು ಕಾಲದಲ್ಲಿ ಸಾಮಾನ್ಯರ ಕೈಗೆಟುಕದ ಬೆಲೆಯವು, ಅವೂ ಜೀವನಪರ್ಯಂತ ಬೇಕಾದವು. ದೇಶೀ ಕಂಪನಿಗಳು ಬೆಲೆ ಇಳಿಸಿದವು, 2004ರ ಏಪ್ರಿಲ್‌ನಿಂದ ಸರ್ಕಾರ ಅವನ್ನು ಉಚಿತವಾಗಿ ಕೊಡಲಾರಂಭಿಸಿತು, ಇಂದಿಗೂ ಕೊಡುತ್ತಿದೆ. ಬೊಜ್ಜು ಎಚ್‌ಐವಿಯಂತೆ ಸಾಂಕ್ರಾಮಿಕವಲ್ಲ, ಅಗತ್ಯವಿರುವವರ ಸಂಖ್ಯೆಯೂ ಬಹಳ ದೊಡ್ಡದು, ಆದ್ದರಿಂದ ಹೋಲಿಕೆ ಪೂರ್ತಿ ಕೂಡಿಬರುವುದಿಲ್ಲ. ಆದರೂ ಬೆಲೆ ಇಳಿದದ್ದರ ಜೊತೆಗೆ ಸರ್ಕಾರದ ಖರೀದಿಯೂ ಸೇರಿದಾಗಲೇ ಔಷಧ ಬಡವರ ಮನೆ ತಲುಪಿತು ಎಂಬ ಅನುಭವ ಇಲ್ಲಿಗೂ ಅನ್ವಯಿಸುತ್ತದೆ. ಕೇಂದ್ರದ 2022ರ ಅಗತ್ಯ ಔಷಧಗಳ ರಾಷ್ಟ್ರೀಯ ಪಟ್ಟಿಯಲ್ಲಿ ಸೆಮಗ್ಲುಟೈಡ್ ಇಲ್ಲ. ಮುಂದಿನ ಪಟ್ಟಿಯಲ್ಲಿ ಸೇರಿದರೆ ಬೆಲೆಗೆ ಕಾನೂನಿನ ಮಿತಿಯೂ ಬೀಳುತ್ತದೆ. ಕರಾವಳಿಯ ಜನಪ್ರತಿನಿಧಿಗಳು ದೆಹಲಿಯಲ್ಲಿ ಕೇಳಬೇಕಾದ ಸಂಗತಿಗಳಲ್ಲಿ ಇದೂ ಒಂದು.

ಅಲ್ಲಿಯವರೆಗೆ ಔಷಧ ಆರಂಭಿಸುವವರು ಮೊದಲ ಭೇಟಿಯಲ್ಲೇ ವೈದ್ಯರ ಬಳಿ ಪೂರ್ತಿ ಡೋಸ್‌ನ ಯೋಜನೆ ಬರೆಸಿಕೊಂಡು, ಕೊನೆಯ ಡೋಸ್‌ನ ದರವನ್ನು ಕೇಳಿ, ಅದನ್ನು ಹದಿಮೂರರಿಂದ ಗುಣಿಸಿ, ಎರಡು ವರ್ಷವಾದರೂ ನಿಭಾಯಿಸಬಲ್ಲೆನೇ ಎಂದು ಮನೆಯವರೊಂದಿಗೆ ಕುಳಿತು ನೋಡುವುದು ಲೇಸು. ನನ್ನ ಸಂಬಂಧಿ ಈ ಬಾರಿ ಹಾಗೆಯೇ ಮಾಡಿದ್ದಾರೆ. ಕಳೆದ ವಾರ ಹೋದಾಗ ಅವರು ಆ ಹಳೆಯ ಕ್ಯಾಲೆಂಡರ್ ಹಾಳೆಯನ್ನು ಮಗುಚಿ ತೋರಿಸಿದರು. ಹಿಂಬದಿಯಲ್ಲಿ ಸಂತೆಕಟ್ಟೆ, ಉಡುಪಿ, ಮಂಗಳೂರಿನ ಮೂರು ಮೆಡಿಕಲ್‌ಗಳಿಂದ ಕೇಳಿ ತಂದ ದೇಶೀ ಪೆನ್ನಿನ ದರಗಳು, ಪ್ರತಿಯೊಂದರ ಎದುರಿಗೂ ಗುಣಿಸು 13. ಅದರ ಕೆಳಗೆ ಮೂರು ತಿಂಗಳಿಗೊಮ್ಮೆಯ ರಕ್ತಪರೀಕ್ಷೆ, ಮಣಿಪಾಲಕ್ಕೆ ಹೋಗಿಬರುವ ಬಸ್ಸಿನ ಖರ್ಚು. ಮಗನ ಕೊನೆಯ ಎರಡು ಸೆಮಿಸ್ಟರ್‌ಗಳ ಫೀಸನ್ನು ಬೇರೆ ಶಾಯಿಯಲ್ಲಿ, ಎಲ್ಲಕ್ಕಿಂತ ಮೇಲೆ ಬರೆದಿದ್ದರು.